ಮಾರಲಾಗದ ನೆಲಕ್ಕೆ ಬೆಲೆ ಕಟ್ಟುವವರು

ಬಂದರು ಅಂದ ತಕ್ಷಣ ಟಿವಿಯಲ್ಲಿ ನಾವು ಹಡಗು, ಕ್ರೇನು, ಕಂಟೇನರ್ ತೋರಿಸ್ತೀವಿ. ಬಂದರಿನ ಎಸ್ಟೇಟ್ ವಿಭಾಗದ ಕಡೆ ಯಾವ ಕ್ಯಾಮೆರಾನೂ ಹೋಗಲ್ಲ. ನೆಲಕ್ಕೆ ಬೆಲೆ ಕಟ್ಟೋದು, ಬಾಡಿಗೆ ಗೊತ್ತು ಮಾಡೋದು, ತೆರಿಗೆ ಲೆಕ್ಕ ನೋಡೋದು, ಇಷ್ಟರಲ್ಲೇ ಇಡೀ ನೌಕರಿ ಸವೆಸುವವರು ಅಲ್ಲಿದ್ದಾರೆ. ಅವರ ಕೈಯಲ್ಲಿ ಏನಿದೆ ಅಂತ ತಿಳಿಯಬೇಕಾದರೆ ಮುಂಬೈ ನೋಡಬೇಕು.

ಮುಂಬೈನ ಪೂರ್ವ ದಂಡೆಯಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡಿದವರಲ್ಲಿ ಎಲ್ಫಿನ್‌ಸ್ಟನ್ ಕಂಪನಿ ಎಂಬ ಖಾಸಗಿ ಸಂಸ್ಥೆ ಮುಖ್ಯವಾದದ್ದು. ಅಮೆರಿಕದ ಅಂತರ್ಯುದ್ಧದಿಂದಾಗಿ ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂದಿದ್ದ ಕಾಲ ಅದು. 1865ರಲ್ಲಿ ಯುದ್ಧ ಮುಗಿಯಿತು, ಮುಂಬೈನ ಷೇರುಗಳು ನೆಲಕಚ್ಚಿದವು. 1870ರಲ್ಲಿ ಸರ್ಕಾರ ಈ ಕಂಪನಿಯನ್ನು ಕೊಂಡುಕೊಂಡಿತು. 1873ರಲ್ಲಿ ಬಾಂಬೆ ಪೋರ್ಟ್ ಟ್ರಸ್ಟ್ ಹುಟ್ಟಿತು. ಇವತ್ತು ಬಂದರಿನ ಕೈಯಲ್ಲಿರೋದು ಸುಮಾರು 1,800 ಎಕರೆ! ಚೆಂದದ ಬ್ಯಾಲಾರ್ಡ್ ಎಸ್ಟೇಟ್ ಕೂಡ ಹೀಗೆ ಸಮುದ್ರದಿಂದ ಗಿಟ್ಟಿಸಿದ ನೆಲವೇ.

ಈ ನೆಲವನ್ನು ಬಂದರು ಮಾರಲಿಲ್ಲ, ಲೀಸಿಗೆ ಕೊಟ್ಟಿತು. ಗೋದಾಮು ಬಂತು, ಅಂಗಡಿ ಬಂತು, ಮನೆಗಳೂ ಬಂದವು. ಮಾರಾಟವೇ ಆಗದ ನೆಲಕ್ಕೆ ಮಾರುಕಟ್ಟೆ ಬೆಲೆ ಎಷ್ಟು? ಹೇಳಿ ನೋಡೋಣ! ಮೌಲ್ಯಮಾಪಕ ಉತ್ತರಿಸಬೇಕಾದ ಪ್ರಶ್ನೆ ಇದೇ. ಅವನ ಅಂಕಿ ಬಾಡಿಗೆಗೆ ಮಾತ್ರ ನಿಲ್ಲುತ್ತಿರಲಿಲ್ಲ. 2010ರವರೆಗೆ ಮುಂಬೈ ಪಾಲಿಕೆ ಆಸ್ತಿ ತೆರಿಗೆ ಹಾಕುತ್ತಿದ್ದದ್ದು ಬಾಡಿಗೆ ಮೌಲ್ಯದ ಮೇಲೆ. ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಅಂತ ಅಂದಾಜಿಸಿ, ಅದರಲ್ಲಿ ಶೇ. 10 ಕಳೆದು ಉಳಿದದ್ದಕ್ಕೆ ತೆರಿಗೆ.

1947ರ ಬಾಡಿಗೆ ಕಾಯ್ದೆ ಊರಿನ ಬೇರೆ ಬಾಡಿಗೆದಾರರನ್ನು ಕಾಪಾಡಿತು, ಬಂದರಿನ ಬಾಡಿಗೆದಾರರನ್ನಲ್ಲ. ಬಂದರಿಗೆ ವಿನಾಯಿತಿ ಇತ್ತು. 1980ರ ದಶಕದಲ್ಲಿ ಹೊಸದಾಗಿ ಮೌಲ್ಯ ಕಟ್ಟಿಸಿ ಬಾಡಿಗೆ ಏರಿಸಿದಾಗ ಜನ ಕೋರ್ಟಿಗೆ ಹೋದರು. ಅದೇ ಹೊತ್ತಿಗೆ, 1989ರಲ್ಲಿ, ದ್ವಾರಕಾದಾಸ್ ಮರ್ಫಾಟಿಯಾ ಪ್ರಕರಣದ ತೀರ್ಪು ಬಂತು. ವಿನಾಯಿತಿ ಇದೆ ಅಂದಮಾತ್ರಕ್ಕೆ ಬಂದರು ಮನಸ್ಸಿಗೆ ಬಂದಂತೆ ನಡೆಯುವಂತಿಲ್ಲ, ಅದೂ ಪ್ರಭುತ್ವದ ಭಾಗವೇ ಅಂತ ಸುಪ್ರೀಂ ಕೋರ್ಟ್ ಹೇಳಿತು. ತಮಾಷೆ ನೋಡಿ, ಆ ಪ್ರಕರಣದ ಬಾಡಿಗೆದಾರ ಸೋತ, ಅವನು ಎತ್ತಿದ ತತ್ವ ಗೆದ್ದಿತು. ಬಾಡಿಗೆ ಏರಿಕೆಯ ಜಗಳ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದ್ದು 2004ರಲ್ಲಿ, ಜಮ್‌ಶೇದ್ ಹೋರ್ಮುಸ್‌ಜಿ ವಾಡಿಯಾ ಪ್ರಕರಣದಲ್ಲಿ. ಬಾಡಿಗೆ ಏರಿಸಬಹುದು, ಆದರೆ ಲಾಭಕ್ಕೇ ಕೂತ ಖಾಸಗಿ ಮಾಲೀಕನ ಹಾಗಲ್ಲ ಅಂತ ಅಲ್ಲಿಯೂ ಕೋರ್ಟ್ ಹೇಳಿತು. ಅಷ್ಟರಲ್ಲಿ ಒಂದು ತಲೆಮಾರೇ ಕಳೆದಿತ್ತು.

2014ರ ಭೂನೀತಿ ಮೌಲ್ಯಮಾಪಕನಿಗೆ ಸೂತ್ರ ಕೊಟ್ಟಿತು. ರಾಜ್ಯ ಸರ್ಕಾರದ ಮಾರ್ಗಸೂಚಿ ದರ, ಹತ್ತಿರದ ಮೂರು ವರ್ಷದ ವ್ಯವಹಾರಗಳು, ಬಂದರಿನದೇ ಟೆಂಡರ್ ದರ, ಅಧಿಕೃತ ಮೌಲ್ಯಮಾಪಕರ ವರದಿ ಇವನ್ನೆಲ್ಲ ತೂಗಬೇಕು. ಬಾಡಿಗೆ ಮಾರುಕಟ್ಟೆ ಬೆಲೆಯ ಶೇ. 6ಕ್ಕಿಂತ ಕಡಿಮೆಯಿರಬಾರದು, ವರ್ಷಕ್ಕೆ ಕನಿಷ್ಠ ಶೇ. 2 ಏರಬೇಕು. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ಇದೇ ಲೆಕ್ಕ ಬಂತು.

ಆಗ ಈ ದರಕ್ಕೆ ಟ್ಯಾಂಪ್ ಎಂಬ ಹೊರಗಿನ ಪ್ರಾಧಿಕಾರದ ಒಪ್ಪಿಗೆ ಬೇಕಿತ್ತು. 2021ರ ಕಾಯ್ದೆ ಪೋರ್ಟ್ ಟ್ರಸ್ಟ್‌ಗಳನ್ನು ಬಂದರು ಪ್ರಾಧಿಕಾರ ಅಂತ ಮಾಡಿ, ದರ ಗೊತ್ತುಮಾಡುವ ಅಧಿಕಾರವನ್ನು ಬಂದರಿನ ಮಂಡಳಿಗೇ ಕೊಟ್ಟಿತು. ಅಂದರೆ ಮಾಲೀಕನೂ ಅವರೇ, ಬೆಲೆ ಕಟ್ಟುವವರೂ ಅವರೇ. ಹಾಗಾಗಿ ಆ ಮೌಲ್ಯಮಾಪನದ ವರದಿ ಬಾಡಿಗೆದಾರನಿಗೆ ಕೇಳದೆಯೇ ಓದಲು ಸಿಗಬೇಕು ಅನ್ನೋದು ನನ್ನ ವಾದ.