ರಾಗಿ ಎಷ್ಟು ಎತ್ತರ ಇರಬೇಕು?

ಕುಯ್ಲಿಗೆ ಮುಂಚೆ ಮಳೆ ಬಂದು ರಾಗಿ ಮಲಗಿಬಿಟ್ರೆ "ಪೈರು ಉದ್ದ ಆಯ್ತು, ಅದಕ್ಕೇ ಬಿತ್ತು" ಅಂತೀವಿ. ಪೈರು ಗಿಡ್ಡ ಆದ್ರೆ "ಈ ಸಲ ಹುಲ್ಲೇ ಇಲ್ಲ, ಹಸುಗೆ ಏನು ಹಾಕೋದು" ಅಂತೀವಿ. ನಮ್ಮ ರಾಗಿ ತಳಿಗಳ ಚರಿತ್ರೆ ಇರೋದು ಈ ಎರಡು ಮಾತಿನ ನಡುವೆಯೇ.

ಎತ್ತರ ಒಳ್ಳೇದೋ ಕೆಟ್ಟದ್ದೋ ಅನ್ನೋದು ಬೆಳೆಯಿಂದ ಬೆಳೆಗೆ ಬೇರೆ. ಸೆಣಬನ್ನ ನಾರಿಗೆ ಬೆಳೆಯೋರು ಒತ್ತಾಗಿ ಚೆಲ್ತಾರೆ. ಕವಲು ಒಡೆಯೋಕೆ ಜಾಗ ಸಿಗದೆ ಗಿಡ ನೆಟ್ಟಗೆ ಏಳುತ್ತೆ, ನಾರು ಉದ್ದ ಬರುತ್ತೆ. ಅಲ್ಲಿ ಎತ್ತರವೇ ದುಡ್ಡು. ಭತ್ತದಲ್ಲಿ ಉಲ್ಟಾ. 1966ರಲ್ಲಿ ಫಿಲಿಪ್ಪೀನ್ಸ್‌ನಿಂದ ಬಂದ ಐಆರ್-8 ತಳಿಗೆ ತೈವಾನಿನ ಒಂದು ಗಿಡ್ಡ ಭತ್ತದ ಗುಣ ಸೇರಿಸಿದ್ರು. ಗೊಬ್ಬರ ಜಾಸ್ತಿ ಕೊಟ್ರೂ ಬೀಳಲಿಲ್ಲ, ಕಾಳು ತುಂಬಿತು.

ರಾಗಿ ಈ ಗಿಡ್ಡ ದಾರಿ ಹಿಡಿಯಲಿಲ್ಲ. 1913ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಹೆಬ್ಬಾಳದಲ್ಲಿ ರಾಗಿ ತಳಿ ಕೆಲಸ ಶುರುವಾಯ್ತು. ಆಗ ಮಾಡ್ತಿದ್ದದ್ದು ನಮ್ಮ ಹಿರಿಯರು ಮಾಡ್ತಿದ್ದದ್ದನ್ನೇ: ಒಳ್ಳೆ ತೆನೆ ಆರಿಸಿ ಬೀಜಕ್ಕೆ ಇಡೋದು. ಆದ್ರೆ ಇರೋದ್ರಲ್ಲಿ ಆರಿಸಬಹುದೇ ಹೊರತು, ಇಲ್ಲದ ಗುಣ ತರೋಕಾಗಲ್ಲ.

ಅದಕ್ಕೆ ಎರಡು ತಳಿ ಕೂಡಿಸಬೇಕು. ರಾಗಿ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನ ಪರಾಗ ತಾನೇ ಹಿಡಿದುಬಿಡುತ್ತೆ. ಈ ಕಷ್ಟದ ಕೆಲಸಕ್ಕೆ ಕೈ ಹಾಕಿದವರು ಮಂಡ್ಯದ ವಿ.ಸಿ. ಫಾರಂನ ಲಕ್ಷ್ಮಣಯ್ಯನವರು. 1960ರ ದಶಕದಲ್ಲಿ ಅನ್ನಪೂರ್ಣ, ಕಾವೇರಿಯಂಥ ತಳಿ ಕೊಟ್ರು. ಆಮೇಲೆ ಆಫ್ರಿಕಾದ ರಾಗಿ ತರಿಸಿ ನಮ್ಮದಕ್ಕೆ ಕೂಡಿಸಿದ್ರು. ಆಫ್ರಿಕಾದ್ದು ದಪ್ಪ ಕಡ್ಡಿ, ದೊಡ್ಡ ತೆನೆ, ಆದ್ರೆ ತಡವಾಗಿ ಬಲಿಯೋದು. ನಮ್ಮದು ತೆಂಡೆ ಜಾಸ್ತಿ, ಬೇಗ ಕುಯ್ಲಿಗೆ ಬರೋದು. ಇಂಡಿಯಾ, ಆಫ್ರಿಕಾ ಎರಡೂ ಹೆಸರು ಸೇರಿ "ಇಂಡಾಫ್" ಆಯ್ತು.

ಇದರ ಸೂಕ್ಷ್ಮ ನೋಡಿ. ಪೈರು ನಿಲ್ಲಬೇಕು ಅಂದ್ರೆ ಗಿಡ್ಡ ಆಗಲೇಬೇಕು ಅಂತೇನಿಲ್ಲ, ಕಡ್ಡಿ ಗಟ್ಟಿ ಇದ್ರೂ ನಿಲ್ಲುತ್ತೆ. ಕಾಳು ಮನೆಗೆ, ಹುಲ್ಲು ಕೊಟ್ಟಿಗೆಗೆ. ಎರಡೂ ಉಳೀತು. 1996ರಲ್ಲಿ ಬಂದ ಜಿಪಿಯು-28ರ ವಂಶದಲ್ಲೂ ಇಂಡಾಫ್-5, ಇಂಡಾಫ್-9 ಇವೆ. ಬೆಂಕಿ ರೋಗ ತಡೆಯೋ ಗುಣಕ್ಕೆ ನಮ್ಮ ಕಡೆ ಅದು ಹಬ್ಬಿತು.

ಈಗ ಕಟಾವು ಮಿಷನ್ ಬಂದಿದೆ. ಮಿಷನ್‌ಗೆ ಸಮ ಎತ್ತರದ, ಬೀಳದ ಪೈರು ಬೇಕು. ಅದು ಕೊಯ್ದ ಮೇಲೆ ಅರ್ಧ ಹುಲ್ಲು ಕೂಳೆಯಾಗಿ ಹೊಲದಲ್ಲೇ ಉಳಿಯುತ್ತೆ. ಡೇರಿಗೆ ಹಾಲು ಹಾಕೋ ಮನೆಗೆ ಆ ನಷ್ಟ ಬೇಸಿಗೆಯಲ್ಲಿ ಗೊತ್ತಾಗುತ್ತೆ, ಹುಲ್ಲು ಕೊಂಡು ತರೋವಾಗ.

ಹಾಗಾಗಿ ಬೀಜ ತರೋವಾಗ "ಎಕರೆಗೆ ಎಷ್ಟು ಮೂಟೆ" ಅಂತ ಕೇಳಿ ಸುಮ್ಮನಾಗಬೇಡಿ. "ಹುಲ್ಲು ಎಷ್ಟು, ಕಡ್ಡಿ ಹೇಗೆ" ಅಂತಲೂ ಕೇಳಿ. ಒತ್ತಾಗಿ ಬಿತ್ತಿ ಯೂರಿಯಾ ಸುರಿದ್ರೆ ಎಂಥ ತಳಿಯಾದ್ರೂ ಮಲಗುತ್ತೆ, ಆಗ ತಪ್ಪು ತಳಿದಲ್ಲ.