ಮದ್ದಿನ ಅಳತೆ: ಕರ್ಜಗಿ ಸೀಮೆಯ ನಿರಾಯುಧೀಕರಣದ ಹಿನ್ನೆಲೆಯಲ್ಲಿ ಒಂದು ವಿಚಾರ

ಔಷಧಕ್ಕೂ ಬಂದೂಕಿನ ಸ್ಫೋಟಕ ಪುಡಿಗೂ ಕನ್ನಡದಲ್ಲಿ 'ಮದ್ದು' ಎಂಬ ಒಂದೇ ಹೆಸರಿದೆ. ಪ್ರಮಾಣ ತಪ್ಪಿದರೆ ಎರಡೂ ಪ್ರಾಣಕ್ಕೆ ಎರವಾಗುವುವು. ಆದರೂ ನಮ್ಮ ಪ್ರಾಂತದ ಯುದ್ಧ ಬಂಡಾಯಗಳನ್ನು ಕುರಿತು ಬರೆದವರು ಬಂದೂಕಿನ ಮಾತನ್ನೆತ್ತುವಷ್ಟು ಅದರೊಳಗಿನ ಮದ್ದಿನ ಮಾತನ್ನೆತ್ತುವುದಿಲ್ಲ. ಒಂದು ಗುಂಡಿಗೆ ಎಷ್ಟು ಮದ್ದು? ಅದನ್ನು ಅಳೆಯುತ್ತಿದ್ದವರು ಯಾರು? ಈ ಪ್ರಶ್ನೆಗಳನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲಾಗಿದೆ.

ಬಾಯಿಯಿಂದ ತುಂಬುವ ಹಳೆಯ ಬಂದೂಕಿನಲ್ಲಿ ಅಳತೆಯ ಹೊಣೆ ಸಂಪೂರ್ಣವಾಗಿ ಹಿಡಿದವನದೇ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳಿಂದಾದ ಕರಿಮದ್ದನ್ನು ತೂಗುವ ವಾಡಿಕೆಯಿರಲಿಲ್ಲ. ಒಂದು ಚಿಕ್ಕ ಕೊಳವೆಯಲ್ಲಿ ತುಂಬಿ ಅಳೆಯುತ್ತಿದ್ದರು. ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಬಾರದೆಂಬುದು ಅನುಭವಿಗಳ ಕಟ್ಟಳೆ. ಹಿಂದಿನ ಹೊಡೆತದ ಕಿಡಿಯೊಂದು ಒಳಗೆ ಉಳಿದಿದ್ದರೆ ಅಳತೆಯಷ್ಟು ಮದ್ದು ಮಾತ್ರ ಹೊತ್ತಿಕೊಂಡೀತು. ಕೊಂಬನ್ನೇ ಬಗ್ಗಿಸಿದ್ದರೆ ಕೊಂಬೆಲ್ಲ ಕೈಯಲ್ಲಿ ಸಿಡಿದೀತು. ಗುಂಡನ್ನು ಸಲಾಕೆಯಿಂದ ಮದ್ದಿನ ಮೇಲೆ ಭದ್ರವಾಗಿ ಕೂರಿಸಬೇಕಾಗಿತ್ತು. ನಡುವೆ ಬರಿಯ ಜಾಗ ಉಳಿದರೆ ನಳಿಗೆಯೇ ಒಡೆಯುವ ಭಯವಿತ್ತು. ಇಷ್ಟನ್ನು ಪಾಲಿಸಿದವನಿಗೆ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಕರಿಮದ್ದು ಬಹುಮಟ್ಟಿಗೆ ಕ್ಷಮಿಸುತ್ತಿತ್ತು. ಈ ಕ್ಷಮಾಗುಣವನ್ನು ಓದುಗರು ನೆನಪಿನಲ್ಲಿಡಬೇಕು; ಮುಂದಿನ ಅನರ್ಥಕ್ಕೆ ಅದೇ ಮೂಲ.

ಅಳತೆಯನ್ನು ಸಿಪಾಯಿಯ ಕೈಯಿಂದ ಬಿಡಿಸಿದುದು ಕಾಗದದ ತೋಟಾ. ಎನ್‌ಫೀಲ್ಡ್ ಬಂದೂಕಿನ ತೋಟಾದಲ್ಲಿ ಎರಡೂವರೆ ಡ್ರಾಮ್, ಅಂದರೆ ಸುಮಾರು 68 ಗ್ರೇನ್ ಮದ್ದು ಮೊದಲೇ ಅಳೆದು ತುಂಬಿರುತ್ತಿತ್ತು. ಸಿಪಾಯಿಯು ಅದನ್ನು ಹಲ್ಲಿನಿಂದ ಹರಿದು ಸುರಿಯುವುದಷ್ಟೇ ಉಳಿದ ಕೆಲಸ. 1857ರಲ್ಲಿ ಆ ತೋಟಾಕ್ಕೆ ಸವರಿದ ಕೊಬ್ಬಿನ ವಿಷಯದಲ್ಲೆದ್ದ ಕೋಲಾಹಲ ಸರ್ವವಿದಿತ. ಅದೇ ವರ್ಷ ಸರಕಾರವು ನಿರಾಯುಧೀಕರಣದ ಕಾಯಿದೆಯನ್ನು ತಂದು, ಆಯುಧಗಳನ್ನು ನೋಂದಾಯಿಸಿ ಒಪ್ಪಿಸಬೇಕೆಂದು ಆಜ್ಞಾಪಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಇದನ್ನು ಒಪ್ಪಲಿಲ್ಲ. ನವೆಂಬರಿನಲ್ಲಿ ದಂಗೆಯೆದ್ದ ಅವರನ್ನು ಸೈನ್ಯವು ಸುತ್ತುವರಿದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿತು. ಜಡಗ, ಬಾಲರ ಹೆಸರು ಲಾವಣಿಯಲ್ಲಿ ಉಳಿಯಿತು. ಜೆ. ಎಫ್. ಫ್ಲೀಟರು ಇಂಥ ಲಾವಣಿಗಳನ್ನು ಸಂಗ್ರಹಿಸಿ 1885ರಲ್ಲಿ ಪ್ರಕಟಿಸಿದರು. ಹಲಗಲಿಯನ್ನು ಶೌರ್ಯದ ಕಥೆಯೆಂದು ಓದುವುದು ಯುಕ್ತವೇ. ಆದರೆ ಕಿತ್ತುಕೊಂಡುದು ಕಬ್ಬಿಣದ ನಳಿಗೆಯನ್ನು ಮಾತ್ರವಲ್ಲ, ಮದ್ದನ್ನು ಅಳೆಯಬಲ್ಲ ಕೈಯ ಅಭ್ಯಾಸವನ್ನು ಕೂಡ ಎಂಬುದು ನನ್ನ ಅಭಿಪ್ರಾಯ.

ಕರ್ಜಗಿ ಸೀಮೆಯೂ ಇದಕ್ಕೆ ಹೊರತಾಗಿರಲಿಲ್ಲ. ಈಗ ಹಾವೇರಿ ಜಿಲ್ಲೆಗೆ ಸೇರಿದ ಈ ಊರು ಆಗ ಧಾರವಾಡ ಜಿಲ್ಲೆಯಲ್ಲಿದ್ದು, ಮುಂದೆ ತಾಲೂಕಿಗೇ ತನ್ನ ಹೆಸರನ್ನು ಕೊಟ್ಟಿತು. ತಾಲೂಕಿನ ಕಚೇರಿ ಮಾತ್ರ ಹಾವೇರಿಯಲ್ಲಿ. 1878ರ ಆಯುಧ ಕಾಯಿದೆ ಬಂದಮೇಲೆ ಆಯುಧ, ಮದ್ದುಗುಂಡುಗಳನ್ನು ತಯಾರಿಸಲು ಪರವಾನಿಗೆ ಅನಿವಾರ್ಯವಾಯಿತು. ವರದೆಯ ದಂಡೆಯ ರೈತನು ಬೆಳೆಗೆ ಬಿದ್ದ ಹಂದಿಯನ್ನು ಹೊಡೆಯಲೂ ಕಚೇರಿಯ ಮುದ್ರೆಯನ್ನು ಕಾಯಬೇಕಾಯಿತು.

ಇತ್ತ ಮದ್ದೇ ಬದಲಾಗುತ್ತಿತ್ತು. 1884ರಲ್ಲಿ ಫ್ರಾನ್ಸಿನ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. 1889ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಡೈಟ್ ಬಂದಿತು. ಹಿತ್ತಾಳೆಯ ತೋಟಾದ ಖಾಲಿ ಕವಚವನ್ನು ಮತ್ತೆ ತುಂಬಿ ಬಳಸಬಹುದಾದುದರಿಂದ ಮನೆಯಲ್ಲಿಯೇ ಮದ್ದು ತುಂಬುವ ರೂಢಿ ಪಶ್ಚಿಮ ದೇಶಗಳಲ್ಲಿ ಬೆಳೆಯಿತು. ಅಪಾಯವು ಇಲ್ಲಿಯೇ. ಹೊಸ ಮದ್ದಿನ ಶಕ್ತಿ ಅದೇ ತೂಕದ ಕರಿಮದ್ದಿನ ಎರಡು ಮೂರು ಪಟ್ಟು. ಹಳೆಯ ಕೊಳವೆಯ ತುಂಬ ಅದನ್ನು ಅಳೆದು ಸುರಿದರೆ ಬಂದೂಕು ಮುಖದೆದುರಿಗೆ ಸಿಡಿಯುವುದು. ಇನ್ನೊಂದು ಮೋಸವೂ ಉಂಟು. ಸರಿಯಾದ ಪ್ರಮಾಣದ ಹೊಸ ಮದ್ದು ಎಷ್ಟೋ ಕವಚಗಳಲ್ಲಿ ಅರ್ಧ ಜಾಗವನ್ನೂ ತುಂಬದು. ಆದಕಾರಣ ಮರೆತು ಎರಡನೆಯ ಸಲ ಸುರಿದರೂ ಕವಚವು ತುಳುಕಿ ಎಚ್ಚರಿಸುವುದಿಲ್ಲ. ಆದುದರಿಂದಲೇ ಬಲ್ಲವರು ಆಯಾ ಮದ್ದಿಗೆ ತಯಾರಕರು ಪ್ರಕಟಿಸಿದ ಕೋಷ್ಟಕವನ್ನು ಬಿಟ್ಟು ಅಂದಾಜಿಗೆ ಹೋಗುವುದಿಲ್ಲ. ಗರಿಷ್ಠದಿಂದಲ್ಲ, ಕೋಷ್ಟಕದ ಕನಿಷ್ಠದಿಂದ ತೊಡಗುತ್ತಾರೆ. ಮೇಜಿನ ಮೇಲೆ ಒಂದೇ ಬಗೆಯ ಮದ್ದನ್ನಿಡುತ್ತಾರೆ. ಗುಂಡು ಕೂರಿಸುವ ಮುನ್ನ ಪ್ರತಿ ಕವಚದೊಳಗೂ ದೀಪ ಹಿಡಿದು ನೋಡುತ್ತಾರೆ.

ಹೀಗೆ ಕೊಳವೆಯ ಸ್ಥಾನಕ್ಕೆ ತ್ರಾಸು ಬಂದಿತು. ಅದರ ಮಾನವಾದ ಗ್ರೇನ್ ಎಂದರೆ ಧಾನ್ಯದ ಕಾಳು, ಸುಮಾರು 0.065 ಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ, ತೊಲದ 96ನೆಯ ಒಂದು ಭಾಗ, ಸುಮಾರು 0.12 ಗ್ರಾಂ, ಎರಡು ಗ್ರೇನಿಗೆ ತುಸು ಕಡಿಮೆ. ಚಿನ್ನವನ್ನು ಇಷ್ಟು ನವುರಾಗಿ ತೂಗಬಲ್ಲ ತ್ರಾಸು ಕರ್ಜಗಿಯಂಥ ಊರುಗಳ ಪೇಟೆಗೆ ಹೊಸದಲ್ಲ. ಆದರೆ ಅದರಲ್ಲಿ ಮದ್ದನ್ನು ತೂಗುವ ಕಾಲ ಬರುವ ವೇಳೆಗೆ ಆ ಕೆಲಸವು ಮನೆಯಿಂದ ಕಾರ್ಖಾನೆಗೆ ಹೋಗಿತ್ತು. ನೀಲಗಿರಿಯ ಅರುವಂಕಾಡಿನಲ್ಲಿ 20ನೆಯ ಶತಮಾನದ ಆರಂಭದಲ್ಲಿಯೇ ಕಾರ್ಡೈಟ್ ಕಾರ್ಖಾನೆ ನೆಲೆಗೊಂಡಿತು. ಸ್ವಾತಂತ್ರ್ಯಾನಂತರದ 1959ರ ಆಯುಧ ಕಾಯಿದೆಯೂ ಪರವಾನಿಗೆಯಿಲ್ಲದ ತಯಾರಿಕೆಯನ್ನು ಅಪರಾಧವೆಂದೇ ಎಣಿಸುತ್ತದೆ. ಮದ್ದುಗುಂಡಿನ ಬಿಡಿಭಾಗಗಳನ್ನೂ ಅವನ್ನು ತಯಾರಿಸುವ ಯಂತ್ರಸಾಧನವನ್ನೂ ಅದು 'ಮದ್ದುಗುಂಡು' ಎಂಬ ಪದದ ವ್ಯಾಖ್ಯೆಯೊಳಗೇ ಸೇರಿಸಿದೆ.