ದುಬ್ವಾ, ಆಬೆ
ಫ್ರಾನ್ಸಿನ ಕ್ಯಾಥೊಲಿಕ್ ಪಾದ್ರಿ (ಮ. 1848). 1792ರಲ್ಲಿ ದೀಕ್ಷೆ ಪಡೆದು, ಕ್ರಾಂತಿಯ ಗದ್ದಲದ ನಡುವೆಯೇ ಭಾರತಕ್ಕೆ ಹೊರಟ. 1799ರಲ್ಲಿ ಟಿಪ್ಪು ಮಡಿದ ಬಳಿಕ ಶ್ರೀರಂಗಪಟ್ಟಣಕ್ಕೆ ಬಂದು, ಚೆಲ್ಲಾಪಿಲ್ಲಿಯಾಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದ. ಹಾಸನದ ಬಳಿಯ ಸಾತಳ್ಳಿಯಲ್ಲಿ ಅವರಿಗೆ ಬೇಸಾಯದ ನೆಲೆ ಕಟ್ಟಿಕೊಟ್ಟ. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ದುಡಿದ. ತಲೆಗೆ ಪೇಟ, ಮೈಗೆ ನಿಲುವಂಗಿ, ಕೈಯಲ್ಲೊಂದು ಕೋಲು: ಜನರ ಬಾಯಲ್ಲಿ ಈತ ದೊಡ್ಡ ಸ್ವಾಮಿ. ಹಿಂದೂ ಆಚಾರಗಳನ್ನು ಕುರಿತ ಈತನ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹ ತೆತ್ತು ಕೊಂಡಿತು. ಇಂಗ್ಲಿಷ್ ಅನುವಾದ 1816ರಲ್ಲಿ ಅಚ್ಚಾಯಿತು. ಕೀರ್ತಿ ತಂದ ಆ ಗ್ರಂಥದ ಬಹುಪಾಲು ಜೆಸ್ವಿಟ್ ಪಾದ್ರಿ ಕರ್ದೂ ಬರೆದಿಟ್ಟದ್ದರಿಂದ ಎತ್ತಿಕೊಂಡದ್ದೆಂದು ಈಚಿನ ಸಂಶೋಧನೆ ತೋರಿಸಿದೆ. ಸಾತಳ್ಳಿಯ ಕೆಲಸವಾದರೋ ಪೂರಾ ಈತನದೇ. 1823ರಲ್ಲಿ ಸ್ವದೇಶಕ್ಕೆ ಮರಳಿದವನು, ಹಿಂದೂಗಳ ಮತಾಂತರ ಆಗದ ಮಾತೆಂದು ಬರೆದು ಮಿಷನರಿಗಳನ್ನೇ ಕೆಣಕಿದ.